ನಗುವವರು ನಗಲಿ, ನೀನು ದಡದಲ್ಲಿರು

ಮುರುಡೇಶ್ವರ

ಚಿ. ಗಣೇಶನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಪರೀಕ್ಷೆ ಮುಗಿಸಿಕೊಂಡು ಮೇ ಕೊನೆಗೆ ಗೆಳೆಯರ ಜೊತೆ ಬರುತ್ತೇನೆ ಎಂದಿದ್ದೀಯ. ಧಾರಾಳವಾಗಿ ಬನ್ನಿ. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, "ಅಮ್ಮನ ಊರೇ ಮುರುಡೇಶ್ವರ ಅಂತ ಹೇಳಿಕೊಂಡಿದ್ದೇನೆ, ಈಗ ನೀರಿಗೆ ಇಳಿಯದೆ ದಡದಲ್ಲೇ ನಿಂತರೆ ಎಲ್ಲರೂ ನಗುತ್ತಾರೇನೋ ಮಾವ" ಅಂತ, ಅದನ್ನು ಓದಿದ ಮೇಲೆ ನನಗೆ ಸಮಾಧಾನವೇ ಇಲ್ಲ. ಅದಕ್ಕೇ ಈ ಪತ್ರ.

ಸಮುದ್ರ ಕಂಡರೆ ಭಯ ಎಂದು ಬರೆದಿದ್ದರೆ ನಾನು ನಿಶ್ಚಿಂತೆಯಿಂದ ಮಲಗುತ್ತಿದ್ದೆ. ನಿನಗೆ ಭಯ ಇರುವುದು ನಗುವವರದ್ದು. ಅದೇ ನನ್ನನ್ನು ಕಾಡುತ್ತಿದೆ.

ನಮ್ಮ ಕೇರಿಯವರು ಯಾರಾದರೂ ಮೋಜಿಗೆಂದು ಸಮುದ್ರದಲ್ಲಿ ಮುಳುಗಿ ಏಳುವುದನ್ನು ನೋಡಿದ್ದೀಯಾ? ದೋಣಿ ತಳ್ಳಲು ಇಳಿಯುತ್ತಾರೆ, ಬಲೆ ಎಳೆಯಲು ಇಳಿಯುತ್ತಾರೆ. ಕೆಲಸ ಮುಗಿಯಿತೋ, ಬಾವಿ ನೀರಲ್ಲಿ ಸ್ನಾನ ಮಾಡಿ ಮನೆ ಸೇರುತ್ತಾರೆ. ನಿನ್ನ ಅಮ್ಮ ಇಲ್ಲೇ ಹುಟ್ಟಿ ಬೆಳೆದವಳು. ಪಾದ ಮುಳುಗುವಷ್ಟು ನೀರು ಬಿಟ್ಟು ಮುಂದೆ ಹೋದವಳಲ್ಲ. ನೂಲ ಹುಣ್ಣಿಮೆಗೆ ಹಾಲೆರೆದು, ಕಾಯಿ ಬಿಟ್ಟು, ಕೈಮುಗಿಯುವ ಜನ ನಾವು. ಕಡಲಿನ ಜೊತೆ ನಮಗೆ ಸಲಿಗೆ ಇಲ್ಲ. ಹಾಗಿರುವಾಗ ಈ ಊರಿನ ಮಗಳ ಮಗ ದಡದಲ್ಲಿ ನಿಂತರೆ ಅದರಲ್ಲಿ ನಗುವಂಥದ್ದು ಏನಿದೆ ಹೇಳು.

ನನ್ನ ಅಂಗಡಿ ಬೀಚಿಗೆ ಮುಖ ಮಾಡಿಕೊಂಡಿದೆ ಅಂತ ನಿನಗೆ ಗೊತ್ತು. ಬಂದವರು ಮೊಬೈಲು, ಪರ್ಸು, ಚಪ್ಪಲಿ ಎಲ್ಲ ನನ್ನ ಹತ್ತಿರ ಕೊಟ್ಟು ನೀರಿಗೆ ಓಡುತ್ತಾರೆ. ಬೇಡ ಎನ್ನಲು ಬಾಯಿ ಬರುವುದಿಲ್ಲ. ಅವರು ಬಂದು ಅದನ್ನು ವಾಪಸ್ ಇಸಿದುಕೊಳ್ಳುವ ತನಕ ನನ್ನ ಒಂದು ಕಣ್ಣು ನೀರಿನ ಮೇಲೇ ಇರುತ್ತದೆ. ಒಮ್ಮೆ ಬಯಲುಸೀಮೆ ಕಡೆಯ ಹುಡುಗನೊಬ್ಬ, ನಿನ್ನದೇ ವಯಸ್ಸು, ಬೆಂಚಿನ ಮೇಲೆ ಕೂತು ಸೋಡಾ ಕುಡಿಯುತ್ತಿದ್ದ. "ನಾನು ಇಲ್ಲೇ ಇರ್ತೀನಿ, ನೀವು ಹೋಗ್ರೋ" ಎಂದ. ಜೊತೆಯವರು ನಕ್ಕರು. ಅವನೂ ನಕ್ಕ. ಸೋಡಾ ಅರ್ಧಕ್ಕೇ ಬಿಟ್ಟು ಎದ್ದ, ಅಂಗಿ ಬಿಚ್ಚಿ ಮಡಚಿಟ್ಟ, ಅದರ ಮೇಲೆ ವಾಚ್ ಇಟ್ಟ. ಸಂಜೆ ಆ ವಾಚನ್ನು ನಾನು ಪೊಲೀಸರ ಕೈಗೆ ಕೊಡಬೇಕಾಯಿತು. ಅವನನ್ನು ಎಳೆದುಕೊಂಡು ಹೋಗಿದ್ದು ನೀರೇ. ಆದರೆ ಬೆಂಚಿನಿಂದ ಎಬ್ಬಿಸಿದ್ದು ಆ ನಗು. ಇದನ್ನು ನಿನ್ನ ಅಮ್ಮನಿಗೆ ಹೇಳಬೇಡ, ಸುಮ್ನೆ ಗಾಬರಿಯಾಗುತ್ತಾಳೆ.

ಮಳೆಗಾಲದಲ್ಲಿ ಮಾತ್ರ ಅಪಾಯ ಎಂದು ನಿನ್ನ ಗೆಳೆಯರು ಹೇಳಬಹುದು. 2024ರಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ಕು ಶಾಲಾ ಹೆಣ್ಣುಮಕ್ಕಳು ಇದೇ ಬೀಚಿನಲ್ಲಿ ನೀರುಪಾಲಾದರಲ್ಲ, ಅದು ಡಿಸೆಂಬರ್ ತಿಂಗಳು. ಆಮೇಲೆ ಕೆಲವು ದಿನ ಬೀಚನ್ನೇ ಮುಚ್ಚಿದ್ದರು. ನಾವು ಅಂಗಡಿಯವರು ವ್ಯಾಪಾರ ಇಲ್ಲ ಅಂತ ಗೊಣಗಲೂ ಇಲ್ಲ. ಯಾರಿಗೆ ಮನಸ್ಸು ಬರುತ್ತದೆ? ಇನ್ನು ನೀವು ಬರುವುದು ಮೇ ಕೊನೆಗೆ. ಜೂನ್ 1ರಿಂದ ಎರಡು ತಿಂಗಳು ಯಾಂತ್ರಿಕ ದೋಣಿಗಳೇ ಕಡಲಿಗೆ ಹೋಗುವಂತಿಲ್ಲ. ಅಷ್ಟರಲ್ಲಾಗಲೇ ಗಾಳಿ ತಿರುಗಿರುತ್ತದೆ, ಅಲೆ ಏಳಲು ಶುರುವಾಗಿರುತ್ತದೆ.

ಒಂದು ವಿಷಯ ತಿಳಿದುಕೊಂಡಿರು. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೂ ಒಂದು ಕಡೆ ವಾಪಸ್ ಹೋಗಲೇಬೇಕು. ನೀರಿನಡಿಯ ಮರಳ ದಿಬ್ಬ ಎಲ್ಲಿ ಕಡಿದಿದೆಯೋ ಆ ಸಂದಿಯಲ್ಲಿ ಅದು ಒಟ್ಟಾಗಿ, ಜೋರಾಗಿ ಹಿಂದಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ಆಳ ಜಾಸ್ತಿ, ಅದಕ್ಕೇ ಅಲೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ. ಬಂದವರಿಗೆ ಅದೇ ಶಾಂತವಾಗಿ ಕಾಣುತ್ತದೆ, ಅಲ್ಲೇ ಇಳಿಯುತ್ತಾರೆ. ನಮ್ಮವರು ಇದಕ್ಕೆ ಸೆಳೆತ ಅನ್ನುತ್ತಾರೆ. ಈ ಸಂದಿ ಒಂದೇ ಕಡೆ ಇರುವುದೂ ಇಲ್ಲ, ಮರಳು ಸರಿದ ಹಾಗೆ ಅದೂ ಸರಿಯುತ್ತದೆ. ಹಾಗಾಗಿ "ಹೋದ ವರ್ಷ ನಾನು ಇಲ್ಲೇ ಈಜಿದ್ದೆ" ಎನ್ನುವವನ ಮಾತಿಗೆ ಬೆಲೆ ಕೊಡಬೇಡ. ನಂಬಿಕೆ ಬಾರದಿದ್ದರೆ ಬಂದ ಮೊದಲನೇ ದಿನವೇ ಗೋಪುರದ ಲಿಫ್ಟ್ ಹತ್ತಿಸಿ ಎಲ್ಲರನ್ನೂ 18ನೇ ಮಹಡಿಗೆ ಕರೆದುಕೊಂಡು ಹೋಗು. ಎಲ್ಲರೂ ಅಲ್ಲಿಂದ 123 ಅಡಿಯ ಶಿವನ ಫೋಟೋ ತೆಗೆದು ಇಳಿದುಬಿಡುತ್ತಾರೆ. ನೀನು ಬೀಚಿನ ಕಡೆಯ ಕಿಟಕಿಯಲ್ಲಿ ಸ್ವಲ್ಪ ಹೊತ್ತು ನಿಲ್ಲು. ಬಿಳಿ ನೊರೆಯ ಸಾಲುಗಳ ಮಧ್ಯೆ ನೊರೆ ಇಲ್ಲದ ಕಪ್ಪು ಪಟ್ಟಿ ಕಂಡರೆ ಗೆಳೆಯರಿಗೆ ಬೆರಳು ಮಾಡಿ ತೋರಿಸು. ಬಾಯಲ್ಲಿ ಹೇಳುವುದಕ್ಕಿಂತ ಅದು ವಾಸಿ.

ಇಷ್ಟು ಬರೆಯುವಾಗ ನಿನ್ನ ಅಜ್ಜ ನೆನಪಾಗುತ್ತಾರೆ. ನೀನು ಅವರನ್ನು ನೋಡಿಲ್ಲ. ರೈಲು, ಗೋಪುರ ಯಾವುದೂ ಇಲ್ಲದ ಕಾಲ ಅದು, ದಡದಲ್ಲಿ ಊರಿಗೆ ಊರೇ ಸೇರಿ ರಂಪಣಿ ಬಲೆ ಎಳೆಯುತ್ತಿದ್ದರು. ಅಜ್ಜನದು ಚಿಕ್ಕ ಪಾತಿ ದೋಣಿ. ದೋಣಿ ತಳ್ಳುವ ಮೊದಲು ಕವಳ ಹಾಕಿಕೊಂಡು ಸೊಂಟದ ಮೇಲೆ ಕೈಯಿಟ್ಟು ನೀರನ್ನೇ ನೋಡುತ್ತ ನಿಲ್ಲುತ್ತಿದ್ದರು. ಒಂದು ಬೆಳಿಗ್ಗೆ ಎಲ್ಲ ದೋಣಿಗಳೂ ಹೊರಟವು. ಇವರು ಮಾತ್ರ ಕವಳ ಉಗುಳಿ, "ಇವತ್ತು ಬೇಡ" ಎಂದು ಬಲೆ ಹೊತ್ತುಕೊಂಡು ಮನೆಗೆ ತಿರುಗಿದರು. ಹಿಂದಿನಿಂದ ಒಬ್ಬ, "ಹೆಂಡತಿ ಸೆರಗು ಹಿಡಿದು ಕೂತ್ಕೋ ಹೋಗು" ಎಂದು ಕೂಗಿದ. ಎಲ್ಲರೂ ನಕ್ಕರು.

ಆ ದಿನ ಬಿರುಗಾಳಿ ಬಂತು, ದೋಣಿ ಮುಳುಗಿತು ಅಂತ ಹೇಳುತ್ತೇನೆ ಎಂದುಕೊಂಡೆಯಾ? ಏನೂ ಆಗಲಿಲ್ಲ. ಹೋದವರೆಲ್ಲ ದೋಣಿ ತುಂಬ ಬಂಗಡೆ ತಂದರು. ನಮ್ಮ ಮನೆಯಲ್ಲಿ ಅವತ್ತು ಗಂಜಿ, ಉಪ್ಪಿನಕಾಯಿ. ನನಗೆ ಶಾಲೆಗೆ ಹೋಗಲು ನಾಚಿಕೆ. ಅಜ್ಜ ಮಾತ್ರ ಜಗಲಿಯಲ್ಲಿ ಕೂತು ಬಲೆಯ ಹರಿದ ಕಣ್ಣು ಹೆಣೆಯುತ್ತಿದ್ದರು. ಮಾರನೇ ದಿನ ಮತ್ತೆ ಅದೇ ದಡಕ್ಕೆ, ಅದೇ ಜನರ ಮಧ್ಯೆ ಹೋದರು. ಆ ಬೆಳಿಗ್ಗೆ ನೀರಿನಲ್ಲಿ ಅವರಿಗೆ ಏನು ಕಂಡಿತು ಎಂದು ಆಮೇಲೆ ಎಷ್ಟೋ ಸಲ ಕೇಳಬೇಕೆನಿಸಿತು. ಇವತ್ತು ಕೇಳೋಣ, ನಾಳೆ ಕೇಳೋಣ ಅನ್ನುವುದರಲ್ಲಿ ಅವರೇ ಹೋಗಿಬಿಟ್ಟರು. ಕೇಳಿದ್ದರೆ ನಿನಗೆ ಬರೆಯಲು ಇನ್ನೂ ಗಟ್ಟಿಯಾದದ್ದು ಏನಾದರೂ ಇರುತ್ತಿತ್ತು. ದಿನವಿಡೀ ಅಂಗಡಿ ಬಾಗಿಲಲ್ಲಿ ಕೂತು ಅದೇ ನೀರನ್ನು ನೋಡುತ್ತೇನೆ, ಅವರಿಗೆ ಕಂಡಿದ್ದರಲ್ಲಿ ಕಾಲುಭಾಗವೂ ನನಗೆ ಕಾಣುವುದಿಲ್ಲ.

ಮಾತು ಎಲ್ಲಿಗೋ ಹೋಯಿತು. ನಾನು ಹೇಳಬೇಕಿದ್ದುದು ಇಷ್ಟೇ: ಬೇಡ ಎನ್ನುವವನು ಸರಿ ಅಂತ ಅದೇ ದಿನ ಸಾಬೀತಾಗಬೇಕಿಲ್ಲ. ನೀನು ದಡದಲ್ಲಿ ನಿಂತ ದಿನ ನಿನ್ನ ಗೆಳೆಯರೆಲ್ಲ ಕುಣಿದಾಡಿ, ನಗುತ್ತ ವಾಪಸ್ ಬರಬಹುದು. ಹಾಗೇ ಬರಲಿ. ಆದರೂ ನೀನು ನಿಂತಿದ್ದು ತಪ್ಪಾಗುವುದಿಲ್ಲ.

ಹೇಳುವುದಾದರೆ ಬೀಚಿಗೆ ಬಂದ ಮೇಲೆ ಹೇಳಬೇಡ, ಅಲ್ಲಿ ಕಷ್ಟ. ರೈಲು ಹತ್ತುವ ಮೊದಲೇ, "ನಾನು ಮೊಣಕಾಲಿಗಿಂತ ಆಚೆ ಬರುವುದಿಲ್ಲ" ಎಂದುಬಿಡು. ಬೇಕಾದರೆ ನನ್ನ ಮೇಲೆ ಹಾಕು, ಮಾವ ಬೈಯುತ್ತಾರೆ ಅನ್ನು. ನಿಜವಾಗಿಯೂ ಬೈಯುತ್ತೇನೆ. ಕುಡಿದವನನ್ನು ನೀರಿನ ಹತ್ತಿರ ಬಿಡಬೇಡ. ಪ್ರತಿಮೆ ಇರುವ ಗುಡ್ಡದ ಬುಡದಲ್ಲಿ ಬಂಡೆಗಳಿವೆ, ಪಾಚಿ ಹಿಡಿದಿರುತ್ತದೆ, ಫೋಟೋಗೆ ಅಂತ ಅತ್ತ ಹೋಗುವುದು ಬೇಡ. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಮಾಡದೆ ಮೇಲೆ ಬನ್ನಿ, ಅವರಲ್ಲಿ ನಮ್ಮ ಹುಡುಗರೇ ಇದ್ದಾರೆ.

ಬರೆಯಲು ಕೈ ನಡುಗುತ್ತದೆ, ಆದರೂ ಬರೆಯುತ್ತೇನೆ. ಯಾರಾದರೂ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೇ ಈಜಲು ಒದ್ದಾಡಬಾರದು, ಕೈಕಾಲು ಸೋತುಹೋಗುತ್ತದೆ. ಮೈ ಸಡಿಲ ಬಿಟ್ಟು ತೇಲಬೇಕು, ಕೈ ಮೇಲೆತ್ತಬೇಕು, ಶಕ್ತಿ ಇದ್ದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು. ದಡದಲ್ಲಿರುವವರು ಹಿಂದೆ ಹಾರಬಾರದು. ಒಬ್ಬನನ್ನು ಹಿಡಿಯಲು ಹೋಗಿ ಇನ್ನಿಬ್ಬರು ಹೋಗುವುದು ಹೀಗೆಯೇ. ಮುಚ್ಚಳ ಹಾಕಿದ ಖಾಲಿ ಕ್ಯಾನ್ ಆಗಲಿ, ಹಗ್ಗವಾಗಲಿ ಸಿಕ್ಕಿದ್ದನ್ನು ಎಸೆದು, ಕೂಗಿ ಜನ ಸೇರಿಸಿ 112ಕ್ಕೆ ಫೋನ್ ಮಾಡಬೇಕು. ದಡದಲ್ಲಿ ಒಬ್ಬ ಎಚ್ಚರವಾಗಿ ನಿಂತಿದ್ದರೆ ಇದೆಲ್ಲ ಆಗುತ್ತದೆ. ಆ ಒಬ್ಬ ನೀನೇ ಆಗು.

ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವಿಂಗ್ ಮಾಡುವ ಆಸೆ ಇದೆ ಎಂದಿದ್ದೀಯಲ್ಲ, ಅದು ಮಳೆಗಾಲ ಕಳೆದ ಮೇಲೆ. ಕಲಿಸುವವರು ಪಕ್ಕದಲ್ಲೇ ಇರುತ್ತಾರೆ, ಅದಕ್ಕೆ ನಾನು ಬೇಡ ಎನ್ನುವುದಿಲ್ಲ. ಈಜು ಕಲಿಯಬೇಕಿದ್ದರೆ ಬೆಂಗಳೂರಲ್ಲೇ ಕೊಳದಲ್ಲಿ ಕಲಿ. ಆದರೆ ಕೊಳದ ಈಜು ನಂಬಿ ಇಲ್ಲಿ ಇಳಿಯಬೇಡ. ಇಷ್ಟೆಲ್ಲ ಉಪದೇಶ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ ಮಗಾ. ನೀವು ಬಂದ ದಿನ ಅಂಗಡಿಗೆ ಬೇರೆಯವರನ್ನು ಕೂರಿಸಿ, ನೀರಿನ ಅಂಚಿನಲ್ಲಿ ನಿನ್ನ ಜೊತೆ ನಾನೂ ನಿಲ್ಲುತ್ತೇನೆ. ನಗುವುದಾದರೆ ಇಬ್ಬರನ್ನೂ ನೋಡಿ ನಗಲಿ.

ತಾರೀಕು ಗೊತ್ತಾದ ಕೂಡಲೇ ತಿಳಿಸು. ಮೀನು ತಿನ್ನದವರು ಎಷ್ಟು ಜನ ಎಂದು ಮೊದಲೇ ಬರೆಯಬೇಕಂತೆ, ಅತ್ತೆ ಕೇಳಿದ್ದಾಳೆ.

ನಿನ್ನ ಮಾವ