ನೆನೆದು ಅಂಟಿಕೊಂಡ ಬ್ಯಾಟ್‌ಮನ್ ಸಂಚಿಕೆ: ಕೂಪನ್ ಬೇಡ, ಸರಿಯಾದ ಪ್ರತಿ ಕಳಿಸಿ

ನಮಸ್ಕಾರ ಸರ್/ಮೇಡಂ,

ಶಿರಸಿಯಿಂದ ಬರೀತಾ ಇದ್ದೇನೆ. ನಿಮ್ಮ ಸೈಟಿಂದ ತರಿಸಿದ ಕಾಮಿಕ್ಸ್ ಪುಸ್ತಕ, ಅಬ್ಸಲ್ಯೂಟ್ ಬ್ಯಾಟ್‌ಮನ್ ಮೊದಲನೇ ಸಂಚಿಕೆ ನೆನೆದು ಬಂತು, ಫೋಟೋ ಕಳಿಸಿದ್ರೆ ನಿಮ್ಮ ಕಸ್ಟಮರ್ ಕೇರ್‌ನವರು "ಓದೋಕೆ ಬರುತ್ತಲ್ವಾ ಸರ್, ಮುಂದಿನ ಆರ್ಡರ್‌ಗೆ ಕೂಪನ್ ಹಾಕ್ತೀವಿ" ಅಂದ್ರು. ಪೂರ್ತಿ ಓದೋಕೆ ಬರಲ್ಲ. ಆ ಮಾತು ಹೇಳಿದವರು ಕಾಮಿಕ್ಸ್ ಮಾರೋ ಕಂಪನಿಯವರು ಅನ್ನೋದೇ ನನಗೆ ಜಾಸ್ತಿ ಬೇಜಾರು.

ಮೊದಲು ಪ್ಯಾಕಿಂಗ್ ವಿಷ್ಯ. ನಿಮ್ಮ ಪೇಜಲ್ಲಿ ಸ್ಲೀವ್ (ಪ್ಲಾಸ್ಟಿಕ್ ಹೊದಿಕೆ) ಹಾಕಿ ಹಿಂದೆ ಬೋರ್ಡ್ ಇಟ್ಟು ಕಳಿಸ್ತೀವಿ ಅಂತ ಬರೆದಿದೆ, ಬಂದಿದ್ದು ಬಟ್ಟೆ ಕಳಿಸೋ ತೆಳು ಪ್ಲಾಸ್ಟಿಕ್ ಕವರಲ್ಲಿ ಬರೀ ಪುಸ್ತಕ, ಸ್ಲೀವೂ ಇಲ್ಲ ಬೋರ್ಡೂ ಇಲ್ಲ, ಕವರಿನ ಒಂದು ಮೂಲೆ ಹರಿದು ಅಲ್ಲಿಂದಲೇ ನೀರು ಹೋಗಿದೆ. ಕೊರಿಯರ್‌ನವರ ತಪ್ಪು ಅಂತೀರಿ. ಹುಬ್ಬಳ್ಳಿಯಿಂದ ಘಟ್ಟದ ಕಡೆ ಬರೋ ಗಾಡಿ, ಜುಲೈ ತಿಂಗಳು, ಮಳೆ ಬರದೇ ಇರುತ್ತಾ? ಅಡ್ರೆಸ್ಸಲ್ಲಿ ಶಿರಸಿ ಅಂತ ಇತ್ತಲ್ಲ. ನಮ್ಮೂರಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಬೆಂಗಳೂರಿಗೆ ಪಾರ್ಸೆಲ್ ಮಾಡೋರು ಒಂದು ಹನಿ ರಸ ಹೊರಗೆ ಬರದ ಹಾಗೆ ಕಟ್ಟಿ ಕಳಿಸ್ತಾರೆ ಮಾರಾಯ್ರೆ, ನಿಮಗೆ ಒಂದು ರಟ್ಟು ಇಡೋಕೆ ಆಗ್ಲಿಲ್ವಾ.

ಈಗ ಓದೋ ವಿಷ್ಯ. ಇದು ನುಣುಪು ಕಾಗದ, ಒದ್ದೆ ಆದ್ರೆ ಮೇಲಿನ ಪದರ ಕರಗಿ ಪಕ್ಕದ ಹಾಳೆಗೆ ಅಂಟಿಕೊಳ್ಳುತ್ತೆ. ಫ್ಯಾನ್ ಗಾಳಿಗೆ ಇಟ್ಟು ಒಣಗಿಸಿ ನಿಧಾನಕ್ಕೆ ಬಿಡಿಸಿದೆ, ಆದ್ರೂ ಈ ಕಡೆ ಬಣ್ಣ ಆ ಕಡೆ ಎದ್ದು ಬಂತು, ಬ್ಯಾಟ್‌ಮನ್ ಎದೆ ಮೇಲಿನ ಆ ದೊಡ್ಡ ಬಾವಲಿ ಗುರುತಿನ ಅರ್ಧ ಎದುರು ಪುಟದಲ್ಲಿದೆ, ಇದ್ದ ಜಾಗದಲ್ಲಿ ಬರೀ ಬಿಳಿ ಕಾಗದದ ನಾರು. ಈ ಸಂಚಿಕೇಲಿ ಆ ಗುರುತು ಬರೀ ಅಲಂಕಾರ ಅಲ್ಲ ಸರ್, ಅದನ್ನ ಎದೆಯಿಂದ ಕಿತ್ತು ಕೊಡಲಿ ಮಾಡ್ಕೊಂಡು ಹೊಡೀತಾನೆ. ಹೊಸ ಬ್ಯಾಟ್‌ಮನ್ ಯಾರು ಅಂತ ಚಿತ್ರಕಾರ ನಿಕ್ ಡ್ರಾಗೋಟಾ ತೋರಿಸಿರೋದೇ ಆ ಚಿತ್ರದಲ್ಲಿ, ಮಾತಲ್ಲಿ ಅಲ್ಲ. ಅದೇ ಹೋದ್ಮೇಲೆ ಇನ್ನೇನು ಓದ್ಲಿ?

ನಾನು ಇಷ್ಟು ಹಠ ಮಾಡ್ತಿರೋದು ಯಾಕೆ ಅಂದ್ರೆ ಈ ಸಂಚಿಕೆ ಅಷ್ಟು ಚೆನ್ನಾಗಿದೆ. 1939ರಿಂದ ಬಂದಿರೋ ಪಾತ್ರ, ಮುಖವಾಡದ ಹಿಂದಿರೋ ಬ್ರೂಸ್ ವೇಯ್ನ್ ಅಂದ್ರೆ ಬಂಗಲೆ, ದುಡ್ಡು, ಬಟ್ಲರ್ ಅಂತ ಎಲ್ಲರಿಗೂ ಗೊತ್ತು. 2024ರ ಅಕ್ಟೋಬರ್‌ನಲ್ಲಿ ಬಂದ ಈ ಸಂಚಿಕೇಲಿ ಕಥೆ ಬರೆದ ಸ್ಕಾಟ್ ಸ್ನೈಡರ್ ಅದನ್ನೆಲ್ಲ ಕಿತ್ತು ಹಾಕಿದ್ದಾರೆ, ಬ್ರೂಸ್ ಕೆಲಸಕ್ಕೆ ಹೋಗೋ ಇಂಜಿನಿಯರ್, ಅಪ್ಪ ಶಾಲೆ ಮೇಷ್ಟ್ರು ಆಗಿದ್ದೋರು, ಅಮ್ಮ ಬದುಕಿದ್ದಾಳೆ. ಈ ಅಮ್ಮ ಬದುಕಿರೋದು ಇದೆಯಲ್ಲ, ಅದೇ ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು. ಇಷ್ಟು ವರ್ಷ ಅಪ್ಪ ಅಮ್ಮನ್ನ ಕಳ್ಕೊಂಡು ಆದ್ಮೇಲಿನ ಬ್ಯಾಟ್‌ಮನ್‌ನನ್ನೇ ನೋಡಿದ್ವಿ, ಇವನಿಗೆ ಇನ್ನೂ ಕಳ್ಕೊಳ್ಳೋಕೆ ಒಬ್ಬಳಿದ್ದಾಳೆ, ರಾತ್ರಿ ಎಲ್ಲಿಗೆ ಹೋಗ್ತಾನೆ ಅಂತ ಸುಳ್ಳು ಹೇಳೋಕೂ ಮನೇಲಿ ಜನ ಇದ್ದಾರೆ. ಆಲ್ಫ್ರೆಡ್ ಇಲ್ಲಿ ಬಟ್ಲರ್ ಅಲ್ಲ, ಗೂಢಚಾರ, ಕಥೆ ಹೇಳೋದೇ ಅವನು. ಅವನ ಮಾತು ಕೆಲವು ಕಡೆ ಜಾಸ್ತಿ ಆಯ್ತು, ಚಿತ್ರವೇ ಹೇಳಿದ್ದನ್ನ ಮತ್ತೆ ಹೇಳ್ತಾನೆ ಅಂತ ನನಗೆ ಅನ್ನಿಸ್ತು, ಅದೊಂದು ಬಿಟ್ರೆ ಸ್ನೈಡರ್ 2011ರಿಂದ ಚಿತ್ರಕಾರ ಗ್ರೆಗ್ ಕಪುಲೋ ಜೊತೆ ಮಾಡಿದ ಬ್ಯಾಟ್‌ಮನ್‌ಗಿಂತ ಇದೇ ನನಗೆ ಹತ್ತಿರ.

ಫೋನಲ್ಲಿ ಡಿಜಿಟಲ್ ಕಾಪಿ ಓದಿ ಅಂತಾನೂ ನಿಮ್ಮವರು ಹೇಳಿದ್ರು. ಎರಡು ಪುಟಕ್ಕೆ ಹರಡಿ ಬರೆದ ಚಿತ್ರ ಅಂಗೈ ಅಗಲದ ಸ್ಕ್ರೀನಲ್ಲಿ ಏನು ಕಾಣುತ್ತೆ? ಮತ್ತೆ ನನಗೆ ಬೇಕಾಗಿರೋದು ಇಟ್ಕೊಳ್ಳೋ ಪ್ರತಿ. ಅಪ್ಪನ ಹತ್ರ ಕನ್ನಡದ ಇಂದ್ರಜಾಲ ಕಾಮಿಕ್ಸ್ ಇನ್ನೂ ಟ್ರಂಕಲ್ಲಿವೆ, ಇಂದ್ರಜಾಲ ನಿಂತಿದ್ದು 1990ರಲ್ಲಿ, ಇಷ್ಟು ಮಳೆಗಾಲ ಕಳೆದ್ರೂ ಒಂದು ಹಾಳೆ ಬೂಸಲು ಹಿಡಿದಿಲ್ಲ. ನಮ್ಮಲ್ಲಿ ಪುಸ್ತಕ ಅಂದ್ರೆ ಹಾಗೆ ನೋಡ್ಕೊಳ್ತಾರೆ. ಇಲ್ಲಿ ಅಮೆರಿಕದ ಬಿಡಿ ಸಂಚಿಕೆ ಇಡೋ ಅಂಗಡಿ ಇಲ್ಲ, ನಿಮ್ಮಂಥವರನ್ನ ನಂಬಿ ಮೊದಲೇ ಪೂರ್ತಿ ದುಡ್ಡು ಕಟ್ಟಿ ಕಾಯ್ತೀವಿ.

ಹಾಗಾಗಿ ಕೂಪನ್ ಬೇಡ. ಇದೇ ಸಂಚಿಕೆ, ಇದೇ ಮುಖಪುಟದ ಬೇರೆ ಪ್ರತಿ ಕಳಿಸಿ, ಸ್ಲೀವ್, ಬೋರ್ಡ್ ಹಾಕಿ, ಎರಡೂ ಕಡೆ ಗಟ್ಟಿ ರಟ್ಟು ಇಟ್ಟು, ಹೊರಗೆ ನೀರು ಹೋಗದ ಕವರ್ ಹಾಕಿ. ಸ್ಟಾಕ್ ಇಲ್ಲ ಅಂದ್ರೆ ಶಿಪ್ಪಿಂಗ್ ಸೇರಿಸಿ ಪೂರ್ತಿ ದುಡ್ಡು ನನ್ನ ಖಾತೆಗೆ ವಾಪಸ್ ಹಾಕಿ, ಹಳೇ ಪ್ರತಿ ನೀವೇ ಪಿಕಪ್ ಮಾಡ್ಸಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದಿದೆ ಅಂತ 48 ಗಂಟೆ ಒಳಗೆ ತಿಳಿಸ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು, ಹಾಳಾದ ಮಾಲು ವಾಪಸ್ ತಗೊಳ್ಳಲ್ಲ ಅನ್ನೋ ಹಾಗಿಲ್ಲ. ಉತ್ತರ ಬರದಿದ್ರೆ 1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣೀಲಿ ದೂರು ಕೊಡ್ತೀನಿ. ಆರ್ಡರ್ ವಿವರ, ಪ್ಯಾಕೆಟ್ ಬಿಚ್ಚಿದ ವಿಡಿಯೋ, ಅಂಟಿಕೊಂಡ ಪುಟಗಳ ಫೋಟೋ ಎಲ್ಲ ಇದರ ಜೊತೆ ಹಾಕಿದ್ದೇನೆ.

ಎರಡನೇ ಸಂಚಿಕೆ ಆರ್ಡರ್ ಕೂಡ ನಿಮ್ಮಲ್ಲೇ ಇದೆ, ಇದು ಬಗೆಹರಿಯೋ ತನಕ ಅದನ್ನ ದಯವಿಟ್ಟು ಕಳಿಸ್ಬೇಡಿ.

ಇಂತಿ,
ನಿಮ್ಮ ಶಿರಸಿ ಗ್ರಾಹಕ