ಏಂಜಲ್ ದ್ವೀಪದ ಭೇಟಿ: ಶನಿವಾರದ ಸೂಚನೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಶನಿವಾರ ನಾವು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜಲ್ ದ್ವೀಪದಲ್ಲಿರುವ ಹಳೆಯ ವಲಸೆ ಠಾಣೆಗೆ ಹೋಗುತ್ತಿದ್ದು, ಹೆಸರು ಕೊಟ್ಟವರೆಲ್ಲರೂ ಬೆಳಿಗ್ಗೆ 9.30ಕ್ಕೆ ಟಿಬುರಾನ್ ಫೆರಿ ನಿಲ್ದಾಣದಲ್ಲಿ ಸೇರಬೇಕಾಗಿ ವಿನಂತಿ.

ಈ ಸಲದ ಮಾತುಕತೆಯ ವಿಷಯ, ಹೆಂಡತಿಯಾಗಿ ಬಂದು ತಾಯಿಯಾಗಿ, ಅಜ್ಜಿಯಾಗಿ ಅಮೆರಿಕದಲ್ಲೇ ನೆಲೆಸಿದ ಚೀನೀ ಮಹಿಳೆಯರ ಬದುಕು. 1882ರ ಕಾಯಿದೆ ಚೀನೀ ಕೂಲಿಕಾರರನ್ನು ತಡೆದಾಗ ಅವರ ಪತ್ನಿಯರಿಗೂ ಬಾಗಿಲು ಮುಚ್ಚಿತು. ವ್ಯಾಪಾರಿಗಳ ಪತ್ನಿಯರು ಬರಬಹುದಾಗಿದ್ದರೂ, 1910ರಿಂದ 1940ರವರೆಗೆ ಈ ಠಾಣೆಯಲ್ಲಿ ಅವರನ್ನು ಪತಿಯಿಂದ ಬೇರೆಯಾಗಿರಿಸಿ, ಊರಿನ ಬಾವಿ ಎಲ್ಲಿದೆ, ಮನೆಗೆ ಎಷ್ಟು ಮೆಟ್ಟಿಲು ಎಂದೆಲ್ಲ ಕೇಳಿ, ನಿಜವಾದ ದಂಪತಿಯೇ ಎಂದು ತಿಳಿಯಲು ಇಬ್ಬರ ಉತ್ತರಗಳನ್ನೂ ತಾಳೆ ನೋಡಲಾಗುತ್ತಿತ್ತು. ಇಲ್ಲಿ ತಡೆಹಿಡಿಯಲಾಗಿದ್ದ ಪುರುಷರು ಗೋಡೆಯ ಮೇಲೆ ಕೆತ್ತಿದ ಕವಿತೆಗಳು ಇಂದಿಗೂ ಇವೆ. ಮಹಿಳೆಯರಿದ್ದ ಆಡಳಿತ ಕಟ್ಟಡ ಮಾತ್ರ 1940ರಲ್ಲಿ ಸುಟ್ಟುಹೋಯಿತು. ಆದ್ದರಿಂದ ಮಾರ್ಗದರ್ಶಕರನ್ನು ಮಹಿಳೆಯರ ಕುರಿತೇ ಹೆಚ್ಚು ಕೇಳುವುದು ಲೇಸೆಂದು ನನ್ನ ಅನಿಸಿಕೆ. ಅಮೆರಿಕನ್ ಪ್ರಜೆಗಳ ಚೀನೀ ಪತ್ನಿಯರಿಗೆ ದಾರಿ ಸುಗಮವಾದ 1946ರ ಕಾನೂನನ್ನು ಮರಳುವಾಗ ಚರ್ಚಿಸೋಣ.

ದ್ವೀಪದಲ್ಲಿ ಏರುದಾರಿ, ಮೆಟ್ಟಿಲುಗಳಿವೆ. ನಡೆಯಲು ಕಷ್ಟವಾಗುವ ಹಿರಿಯರು ಮುಂಚಿತವಾಗಿ ತಿಳಿಸಬೇಕು. ಬುತ್ತಿ, ನೀರು ಮತ್ತು ಸ್ವೆಟರ್ ತನ್ನಿ (ಕೊಲ್ಲಿಯ ಗಾಳಿ ಗೊತ್ತಲ್ಲ). ಬರುವವರ ಸಂಖ್ಯೆಯನ್ನು ಗುರುವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ ಸಹಕರಿಸಿ.