ಪುಟ್ಟಿ, ನೀನು ಉಸಿರು ಎಣಿಸ್ತಾ ಕೂರೋ ವಿಷ್ಯ

ಪುಟ್ಟಿ,

ಬೇರೆ ಸುದ್ದಿಯೆಲ್ಲಾ ಓದಿ ಖುಷಿಯಾಯ್ತು, ಆದ್ರೆ "ರಾತ್ರಿ ಮಗು ಉಸಿರು ಎಣಿಸ್ತಾ ಕೂತಿರ್ತೀನಿ ದೊಡ್ಡಪ್ಪ, ಈ ಹೊಗೆ ಗಾಳೀಲಿ ಒಳಗೆ ಏನೇನು ಹೋಗ್ತಿದೆಯೋ" ಅಂತ ಬರ್ದಿದ್ಯಲ್ಲ, ಆ ಸಾಲು ಎರಡು ದಿನದಿಂದ ತಲೆ ತಿಂತಾ ಇದೆ.

ಸುಮ್ನೆ ಹೆದರ್ಕೋತೀಯ ಅಂತ ಬರ್ಯೋಕೆ ಕೂತೆ, ಆಗ್ಲಿಲ್ಲ. ಮಕ್ಕಳು ಮೈತೂಕಕ್ಕೆ ನಮಗಿಂತ ಜಾಸ್ತಿ ಗಾಳಿ ಎಳ್ಕೋತಾರೆ. ಗಾಳೀಲಿ ತೇಲೋ ಆ ಪಿಎಂ 2.5 ಅನ್ನೋ ಹೊಗೆ-ಧೂಳಿನ ಕಣ ಕೂದಲಿಗಿಂತ ಸುಮಾರು 30 ಪಟ್ಟು ಸಣ್ಣದು, ಮೂಗು ಗಂಟಲು ತಡ್ಯೋ ಸೈಜೇ ಅಲ್ಲ, ಸೀದಾ ಶ್ವಾಸಕೋಶದ ತಳಕ್ಕೆ ಹೋಗತ್ತೆ. ವಿಶ್ವ ಆರೋಗ್ಯ ಸಂಸ್ಥೆನೂ 2021ರಲ್ಲಿ ಅದರ ವರ್ಷದ ಮಿತಿನ ಒಂದು ಘನ ಮೀಟರ್ ಗಾಳಿಗೆ 10ರಿಂದ 5 ಮೈಕ್ರೊಗ್ರಾಮಿಗೆ ಇಳಿಸ್ತು.

ನಿಮ್ಮಪ್ಪನ ಉಬ್ಬಸದ ಕತೆ ಬಿಡು, ಗೊತ್ತಿರೋದೇ. ಗೊತ್ತಿಲ್ದೇ ಇರೋದು ಅಂದ್ರೆ ಸಂಜೆ ಹಿತ್ತಲಲ್ಲಿ ಕಸಕ್ಕೆ ಬೆಂಕಿ ಹಾಕ್ತಿದ್ದೋನು ನಾನು. ಒಣಗಿದ ಎಲೆ, ಪ್ಲಾಸ್ಟಿಕ್ ಕವರು, ಹರಿದ ಚಪ್ಪಲಿ, ಎಲ್ಲಾ ಒಟ್ಟಿಗೆ. ಕೋಲಿಗೆ ಕವರು ಸಿಕ್ಕಿಸಿ ಹಿಡಿದ್ರೆ ಕರಗಿ ತೊಟ್ಟು ತೊಟ್ಟಾಗಿ ಉರೀತಾ ಬೀಳೋದು, ಜುಂಯ್ ಜುಂಯ್ ಅಂತ ಸದ್ದು. ಅದನ್ನ ನೋಡೋಕೆ ನಿಮ್ಮಪ್ಪ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂರ್ತಿದ್ದ, ಬಾರೋ ಅಂತ ಕರೀತಿದ್ದೋನೂ ನಾನೇ. ಅದರಿಂದಲೇ ಬಂತು ಅಂತ ಯಾವ ಡಾಕ್ಟ್ರೂ ಹೇಳಿಲ್ಲ, ಆದ್ರೂ ಅವನು ಕೆಮ್ಮಿದಾಗ ನಂಗೆ ಆ ಜುಂಯ್ ಕೇಳ್ಸತ್ತೆ.

ಹೊಗೆ ಅಂದ್ರೆ ಕಣ್ಣಿಗೆ ಕಾಣೋದು ಅಂದ್ಕೊಂಡಿದ್ವಿ ಆಗ. ಗಾಡಿ, ಕಲ್ಲಿದ್ದಲಿಂದ ಬರೋ ಗ್ಯಾಸು, ಹೊಲದ ಗೊಬ್ಬರದಿಂದ ಏಳೋ ಅಮೋನಿಯಾ ಇವೆಲ್ಲ ಗಾಳಿಯಲ್ಲೇ ಸೇರ್ಕೊಂಡು ಕಣ ಆಗ್ತವೆ ಅಂತ ಯಾರಿಗೆ ಗೊತ್ತಿತ್ತು. ಬ್ರೇಕು ಟೈರು ಸವೆದ ಪುಡಿ ಬೇರೆ, ಅದಕ್ಕೇ ಎಲ್ರೂ ಎಲೆಕ್ಟ್ರಿಕ್ ಗಾಡಿ ತಗೊಂಡ್ರೂ ಪೂರ್ತಿ ಹೋಗಲ್ಲ, ಗಾಡಿನೇ ಕಮ್ಮಿಯಾಗ್ಬೇಕು, ಬಸ್ಸು ರೈಲು ಜಾಸ್ತಿಯಾಗ್ಬೇಕು. ಇದನ್ನ ನಿಂಗೆ ಹೇಳಿ ಏನು ಪ್ರಯೋಜನ, ಒಬ್ಳು ಕಿಟಕಿ ಮುಚ್ಚಿದ್ರೆ ಆಗೋ ಕೆಲ್ಸ ಅಲ್ಲ. ಲಂಡನ್ನಲ್ಲಿ 1952ರ ಡಿಸೆಂಬರಲ್ಲಿ ಐದು ದಿನ ಹೊಗೆ ಕವಿದು ಸಾವಿರಾರು ಜನ ಸತ್ರು, ಹೊಗೆ ತಡ್ಯೋ ಕಾನೂನು ಬರೋಕೆ 1956 ಆಯ್ತು.

ನಾನು ಹೇಳೋಕೆ ಯೋಗ್ಯನಲ್ಲ, ಆದ್ರೂ ಚಳಿಗಾಲದ ಬೆಳಗ್ಗೆ ಮಗುನ ಹೊರಗೆ ಕರ್ಕೊಂಡ್ಹೋಗ್ಬೇಡ, ತಣ್ಣನೆ ಗಾಳಿ ಮೇಲೇಳಲ್ಲ, ಮುಚ್ಚಳ ಹಾಕಿದ ಹಾಗೆ ಹೊಗೆ ಕೆಳಗೇ ನಿಂತಿರತ್ತೆ, ಬಿಸಿಲೇರಲಿ. ಅಷ್ಟು ಸಣ್ಣ ಮಗುಗೆ ಮಾಸ್ಕ್ ಹಾಕ್ಲೇಬೇಡ. ಗಾಳಿ ಸೋಸೋ ಪ್ಯೂರಿಫೈಯರ್ ತಗೊಂಡ್ರೆ ಸಣ್ಣ ಕಣನೂ ಹಿಡಿಯೋ ಹೆಪಾ ಫಿಲ್ಟರ್ ಇರೋದು ತಗೋ, ಫಿಲ್ಟರ್ ಬದಲಾಯಿಸ್ದೇ ಇದ್ರೆ ಅದು ಬರೀ ಫ್ಯಾನು. ಪಕ್ಕದವ್ರು ಕಸ ಸುಟ್ರೆ ಜಗಳ ಬೇಡ, ಮಗುನ ಎತ್ಕೊಂಡೇ ಹೋಗಿ ಕೇಳು, ನನ್ನನ್ನ ಯಾರಾದ್ರೂ ಹಂಗೆ ಬಂದು ಕೇಳಿದ್ರೆ ನಿಲ್ಲಿಸ್ತಿದ್ನೋ ಏನೋ.

ಎಣಿಸೋದಾದ್ರೆ ಗಡಿಯಾರ ಇಟ್ಕೊಂಡು ಎಣಿಸು. ಎಂಟು ತಿಂಗಳ ಮಗು ಸುಮ್ನೆ ಮಲಗಿದ್ದಾಗ ಪೂರ್ತಿ ಒಂದು ನಿಮಿಷದಲ್ಲಿ 50 ಮುಟ್ಟಿದ್ರೆ, ಇಲ್ಲಾ ಉಸಿರು ಎಳೆದಾಗ ಪಕ್ಕೆ ಗುಳಿ ಬೀಳ್ತಿದ್ರೆ ತಕ್ಷಣ ಡಾಕ್ಟ್ರ ಹತ್ರ ಹೋಗು. ಇಲ್ಲಾಂದ್ರೆ ಮಲಕ್ಕೋ.

ಈ ಕಾಗದ ನಿಮ್ಮಪ್ಪನಿಗೆ ತೋರಿಸ್ಬೇಡ. ತೋರಿಸಿದ್ರೂ ಸರಿನೇ.

ನಿನ್ನ ದೊಡ್ಡಪ್ಪ